ಅಗುಳೂ ಸೀಸೆಯೂ

1838ನೆಯ ಇಸವಿಯಲ್ಲಿ ಬೊಹೀಮಿಯಾದ ಪಿಲ್ಸೆನ್ ಪಟ್ಟಣದ ಪುರಭವನದ ಮುಂದೆ ವಿಚಿತ್ರವಾದ ಒಂದು ದೃಶ್ಯ ಕಂಡುಬಂದಿತು. ಆ ಊರಿನ ಜನ 36 ಪೀಪಾಯಿ ಬಿಯರನ್ನು ಎಲ್ಲರೆದುರಿಗೆ ನೆಲಕ್ಕೆ ಸುರಿದುಬಿಟ್ಟರು. ಬಿಯರ್ ಕೆಟ್ಟುಹೋಗಿತ್ತು, ಬಾಯಿಗೆ ಇಡುವಂತಿರಲಿಲ್ಲ. ಕುಡಿಯದವರು ದ್ವೇಷದಿಂದ ಮಾಡಿದ ಕೆಲಸವಲ್ಲ ಅದು. ಬಿಯರನ್ನು ಬಲ್ಲವರು, ಬಿಯರಿನ ಮೇಲೆ ಅಭಿಮಾನವಿದ್ದವರು ಮಾಡಿದ ಕೆಲಸ. 1295ರಲ್ಲಿ ಊರು ಹುಟ್ಟಿದಂದಿನಿಂದಲೂ ಬಿಯರ್ ತಯಾರಿಸುವ ಹಕ್ಕನ್ನು ಪಡೆದಿದ್ದ ಪೌರರ ಪಟ್ಟಣವದು. ತಮ್ಮ ಊರಿನ ಸರಕನ್ನು ತಾವೇ ಬೀದಿಗೆ ಚೆಲ್ಲಿ, ಇದು ನಮಗೆ ಬೇಡವೆಂದು ಸಾರಿದ ಆ ಜನ, ಲೇಖನಿಯನ್ನು ಮುಟ್ಟದೆಯೇ ಒಂದು ಕಟುವಾದ ವಿಮರ್ಶೆಯನ್ನು ಬರೆದರೆಂದೇ ಹೇಳಬೇಕು.

ಆ ವಿಮರ್ಶೆ ವ್ಯರ್ಥವಾಗಲಿಲ್ಲ. ಪಟ್ಟಣದ ಪೌರರು ಒಗ್ಗೂಡಿ ಹೊಸ ಕಾರ್ಖಾನೆಯೊಂದನ್ನು ಕಟ್ಟಿಸಿದರು. ನೆರೆಯ ಬವೇರಿಯಾದಿಂದ ಯೋಸೆಫ್ ಗ್ರೋಲ್ ಎಂಬ ಕುಶಲಿಯನ್ನು ಕರೆಸಿದರು. 1842ರ ಅಕ್ಟೋಬರ್ 5ರಂದು ಅವನು ಇಳಿಸಿದ ಮೊದಲ ಪಾಕದಿಂದ ಹೊನ್ನಿನ ಬಣ್ಣದ, ತಿಳಿಯಾದ ಹೊಸ ಬಗೆಯ ಬಿಯರು ಹುಟ್ಟಿತು. ಪಿಲ್ಸ್‌ನರ್ ಎಂದು ಆ ಊರಿನ ಹೆಸರನ್ನೇ ಹೊತ್ತ ಈ ಬಗೆಯೂ ಇದರ ಅನುಕರಣೆಗಳೂ ಇಂದು ಜಗತ್ತಿನ ಮೂಲೆಮೂಲೆಯನ್ನು ಮುಟ್ಟಿವೆ. ಕೆಟ್ಟದ್ದನ್ನು ಕೆಟ್ಟದ್ದೆಂದು ಗಟ್ಟಿಯಾಗಿ ಹೇಳಿದ್ದರಿಂದ ಒಳ್ಳೆಯದು ಹುಟ್ಟಿದ್ದಕ್ಕೆ ಇದಕ್ಕಿಂತ ಉತ್ತಮವಾದ ನಿದರ್ಶನ ಸಿಗುವುದು ಕಷ್ಟ.

ಹೀಗಿರುವಾಗ, ಕೆಟ್ಟುಹೋದ ಬಿಯರಿನ ವಿಮರ್ಶೆ ಬರೆಯಬಹುದೇ, ಬಾರದೇ ಎಂದು ಇಂದಿನ ಬಿಯರ್ ವಿಮರ್ಶಕರು ತಲೆ ಕೆಡಿಸಿಕೊಳ್ಳುವುದೇಕೆ? ಬಿಯರಿಗೂ ವಿಮರ್ಶಕರುಂಟೇ ಎಂದು ವಾಚಕರಲ್ಲಿ ಕೆಲವರಿಗೆ ಆಶ್ಚರ್ಯವಾದೀತು. ಉಂಟು. ಇಂಗ್ಲೆಂಡಿನ ಮೈಕೇಲ್ ಜಾಕ್ಸನ್ ಎಂಬ ಪತ್ರಕರ್ತ (ಇವನು ಹಾಡಿ ಕುಣಿದ ಅಮೆರಿಕದ ಜಾಕ್ಸನ್ ಅಲ್ಲ) 1977ರಲ್ಲಿ ಜಗತ್ತಿನ ಬಿಯರುಗಳನ್ನು ಕುರಿತು ದೊಡ್ಡ ಗ್ರಂಥವೊಂದನ್ನು ಪ್ರಕಟಿಸಿದಂದಿನಿಂದ, ಬಣ್ಣ, ನೊರೆ, ಪರಿಮಳ, ರುಚಿ ಎಂದು ವಿಂಗಡಿಸಿ, ಅಳೆದು, ಅಂಕ ಕೊಡುವ ಈ ಬರವಣಿಗೆ ಪಶ್ಚಿಮ ದೇಶಗಳಲ್ಲಿ ಹುಲುಸಾಗಿ ಬೆಳೆದಿದೆ. ಅಂಥ ವಿಮರ್ಶಕನೊಬ್ಬ ಅಂಗಡಿಯಿಂದ ಒಂದು ಸೀಸೆಯನ್ನು ಕೊಂಡು ತರುತ್ತಾನೆ. ಮುಚ್ಚಳ ತೆಗೆದೊಡನೆ ದುರ್ಗಂಧ ಮೂಗಿಗೆ ಬಡಿಯುತ್ತದೆ. ಈಗ ಅವನು ಬರೆಯಬೇಕೇ? ಬರೆದರೆ, ಎಂದೂ ಕಾಣದ ಯಾವನೋ ತಯಾರಕನ ಹೆಸರಿಗೆ ಮಸಿ ಬಳಿದಂತಾಗುತ್ತದೆ. ಬರೆಯದಿದ್ದರೆ, ನಾಳೆ ಅದೇ ಅಂಗಡಿಯಲ್ಲಿ ಅದೇ ಸರಕಿಗೆ ಹಣ ತೆರುವವನಿಗೆ ವಂಚನೆ ಮಾಡಿದಂತಾಗುತ್ತದೆ. ಒಂದು ಕಡೆ ನ್ಯಾಯ, ಇನ್ನೊಂದು ಕಡೆ ಸತ್ಯ. ಇವೆರಡೂ ಒಂದೇ ಎಂದು ತಿಳಿದವರಿಗೆ ಇದೊಂದು ಒಳ್ಳೆಯ ಪರೀಕ್ಷೆ.

ಪಿಲ್ಸೆನ್ನಿನವರಿಗೆ ಈ ತೊಡಕು ಇರಲಿಲ್ಲ. ಅವರ ಊರಿನ ಬಿಯರು ಅವರ ಊರಿನಲ್ಲೇ ತಯಾರಾಗಿ ಅಲ್ಲಿಯೇ ಕೆಟ್ಟಿತ್ತು. ಅದೂ ಒಂದಲ್ಲ, ಎರಡಲ್ಲ, 36 ಪೀಪಾಯಿ. ತಪ್ಪಿತಸ್ಥರನ್ನು ಹುಡುಕಿಕೊಂಡು ದೂರ ಹೋಗಬೇಕಾಗಿರಲಿಲ್ಲ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳನ್ನು ಹಿಸುಕಿ ನೋಡಿದರೆ ಸಾಕೆಂಬುದು ಎಲ್ಲರೂ ಬಲ್ಲ ಮಾತು. ಶಾಸ್ತ್ರಕಾರರು ಇದನ್ನೇ ಸ್ಥಾಲೀಪುಲಾಕ ನ್ಯಾಯವೆಂದು ಕರೆದರು. ಈ ನ್ಯಾಯ ಸರಿಯಾದುದೇ. ಆದರೆ ಅದಕ್ಕೊಂದು ನಿಬಂಧನೆಯುಂಟು. ಹಿಸುಕಿದ ಅಗುಳು ಅದೇ ಪಾತ್ರೆಯೊಳಗೆ, ಅದೇ ನೀರಿನಲ್ಲಿ, ಅದೇ ಉರಿಯ ಮೇಲೆ ಉಳಿದೆಲ್ಲ ಅಗುಳುಗಳೊಡನೆ ಬೆಂದಿರಬೇಕು. ಪಾತ್ರೆಯಿಂದ ಎಂದೋ ಹೊರಬಿದ್ದು, ಹಡಗು ಹತ್ತಿ, ಲಾರಿ ಏರಿ, ಅಂಗಡಿಯ ಗಾಜಿನ ಕಪಾಟಿನಲ್ಲಿ ಆರು ತಿಂಗಳು ನಿಂತ ಅಗುಳನ್ನು ಹಿಸುಕಿ, ಅಡಿಗೆಯವಳಿಗೆ ಅಡಿಗೆ ಬಾರದೆಂದು ತೀರ್ಮಾನಿಸಿದರೆ ಯಾರು ಒಪ್ಪಿಯಾರು? ಬಿಯರಿನ ಸೀಸೆ ಅಂಥ ಅಗುಳು.

ದಾರಿಯಲ್ಲಿ ಅದಕ್ಕೆ ಒದಗುವ ಆಪತ್ತುಗಳು ಒಂದೆರಡಲ್ಲ. ಮೊದಲನೆಯ ಶತ್ರು ಬೆಳಕು. ಬಿಯರಿಗೆ ಕಹಿಯನ್ನು ಕೊಡುವುದು ಹಾಪ್ ಎಂಬ ಬಳ್ಳಿಯ ಹೂ. ಆ ಕಹಿಯ ಅಂಶವು ಬಿಸಿಲಿನ ಪೆಟ್ಟಿಗೆ ಒಡೆದು, ಬಿಯರಿನಲ್ಲಿಯೇ ಇರುವ ಗಂಧಕದ ಅಂಶದೊಡನೆ ಕೂಡಿಕೊಂಡು, ಅಸಹ್ಯವಾದ ವಾಸನೆಯ ವಸ್ತುವೊಂದನ್ನು ಹುಟ್ಟಿಸುತ್ತದೆ. ಅಮೆರಿಕದ ಕಾಡುಗಳಲ್ಲಿ ಸ್ಕಂಕ್ ಎಂಬ ಪ್ರಾಣಿಯಿದೆ. ಬೆದರಿದಾಗ ಅದು ಚಿಮ್ಮಿಸುವ ದ್ರವದ ನಾತಕ್ಕೂ ಇದಕ್ಕೂ ಹತ್ತಿರದ ನಂಟು. ಒಂದು ಗ್ರಾಮನ್ನು ನೂರು ಕೋಟಿ ಪಾಲು ಮಾಡಿ, ಅದರಲ್ಲಿ ಕೆಲವೇ ಪಾಲುಗಳನ್ನು ಒಂದು ಲೀಟರಿನಲ್ಲಿ ಬೆರೆಸಿದರೂ ಮನುಷ್ಯನ ಮೂಗು ಅದನ್ನು ಪತ್ತೆಹಚ್ಚಬಲ್ಲದು. ಕಂದು ಗಾಜಿನ ಸೀಸೆ ಈ ಬೆಳಕನ್ನು ಬಹುಮಟ್ಟಿಗೆ ತಡೆಯುತ್ತದೆ. ಹಸಿರು ಗಾಜು ಹೆಚ್ಚೇನೂ ತಡೆಯುವುದಿಲ್ಲ. ಬಣ್ಣವಿಲ್ಲದ ಗಾಜಂತೂ ಬಾಗಿಲು ತೆರೆದಿಟ್ಟ ಮನೆಯಂತೆ. ಸೀಸೆಯನ್ನು ಬಿಸಿಲಿನಲ್ಲಿ ಕೆಲವು ನಿಮಿಷ ಮರೆತರೂ ಸಾಕು, ಕೆಲಸ ಕೆಟ್ಟಿತು.

ಎರಡನೆಯ ಶತ್ರು ಕಾಲ. ಅದರ ಮಿತ್ರ ಶಾಖ. ತುಂಬುವಾಗ ಸೀಸೆಯೊಳಗೆ ಉಳಿದ ಅಲ್ಪಸ್ವಲ್ಪ ಆಮ್ಲಜನಕವು ತಿಂಗಳುಗಟ್ಟಲೆ ಕೆಲಸ ಮಾಡುತ್ತಾ, ಬಿಯರಿಗೆ ನೆನೆದ ರಟ್ಟಿನ ರುಚಿಯನ್ನು ತಂದುಬಿಡುತ್ತದೆ. ತಂಪಾದ ನೆಲಮಾಳಿಗೆಯಲ್ಲಿ ಈ ಮುಪ್ಪು ನಿಧಾನವಾಗಿ ಬರುತ್ತದೆ. ಬಿಸಿಯಾದ ಉಗ್ರಾಣದಲ್ಲಿ ಓಡಿ ಬರುತ್ತದೆ. ಮೂರನೆಯ ಶತ್ರು ಪಡಖಾನೆಯ ಕೊಳವೆ. ಪೀಪಾಯಿಯಿಂದ ನಲ್ಲಿಗೆ ಬಿಯರನ್ನು ಸಾಗಿಸುವ ಕೊಳವೆಯನ್ನು ಎರಡು ವಾರಕ್ಕೊಮ್ಮೆಯಾದರೂ ತೊಳೆಯಬೇಕೆಂಬುದು ಅಮೆರಿಕದ ತಯಾರಕರ ಸಂಘದ ಸೂಚನೆ. ತೊಳೆಯದಿದ್ದಲ್ಲಿ ಅದರೊಳಗೆ ಸೂಕ್ಷ್ಮಜೀವಿಗಳು ಸಂಸಾರ ಹೂಡುತ್ತವೆ. ಒಳ್ಳೆಯ ಬಿಯರು ಆ ಓಣಿಯನ್ನು ಹಾಯ್ದು ಲೋಟಕ್ಕೆ ಬೀಳುವಷ್ಟರಲ್ಲಿ ಹುಳಿಯ ನಾತವನ್ನೋ ಬೆಣ್ಣೆಯ ಜಿಡ್ಡುವಾಸನೆಯನ್ನೋ ಅಂಟಿಸಿಕೊಂಡಿರುತ್ತದೆ. ಈ ಮೂರು ಸಂದರ್ಭಗಳಲ್ಲಿಯೂ ಬಿಯರು ಕೆಟ್ಟದ್ದು ನಿಜ. ಆದರೆ ಕೆಡಿಸಿದವರು ಬೇರೆಬೇರೆ.

ಹಾಗಾದರೆ ತಯಾರಕನು ಸದಾ ನಿರಪರಾಧಿಯೇ? ಅಲ್ಲವೆಂಬುದಕ್ಕೆ ಚರಿತ್ರೆಯೇ ಸಾಕ್ಷಿ. 1871ರ ಸೆಪ್ಟೆಂಬರಿನಲ್ಲಿ ಫ್ರಾನ್ಸಿನ ವಿಜ್ಞಾನಿ ಲೂಯಿ ಪಾಶ್ಚರನು ಲಂಡನ್ನಿನ ವಿಟ್‌ಬ್ರೆಡ್ ಕಾರ್ಖಾನೆಗೆ ಭೇಟಿಕೊಟ್ಟನು. ಯುದ್ಧದಲ್ಲಿ ಜರ್ಮನರಿಂದ ಸೋತ ತನ್ನ ದೇಶವು ಬಿಯರಿನಲ್ಲಾದರೂ ಅವರನ್ನು ಮೀರಿಸಬೇಕೆಂಬುದು ಅವನ ಹಟ. ಅಲ್ಲಿ ಪೋರ್ಟರ್ ಎಂಬ ಕಪ್ಪು ಬಿಯರಿನ ಯೀಸ್ಟನ್ನು, ಎಂದರೆ ಬಿಯರನ್ನು ಹುದುಗಿಸುವ ಜೀವಿಯನ್ನು, ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದಾಗ, ಬರಬಾರದ ಎಳೆಯಾಕಾರದ ಜೀವಿಗಳು ಅದರಲ್ಲಿ ಬೆರೆತಿದ್ದುದು ಕಂಡಿತು. ಈ ಬಿಯರು ತೃಪ್ತಿಕರವಾಗಿರಲಾರದೆಂದು ಅವನು ರುಚಿ ನೋಡದೆಯೇ ಹೇಳಿದನು. ಕಾರ್ಖಾನೆಯವರು ಒಪ್ಪಿಕೊಳ್ಳಬೇಕಾಯಿತು, ಅಂದು ಬೆಳಿಗ್ಗೆಯೇ ಅವರು ಬೇರೊಂದು ಕಾರ್ಖಾನೆಯಿಂದ ಹೊಸ ಯೀಸ್ಟನ್ನು ತರಿಸಿಕೊಂಡಿದ್ದರಂತೆ! ಒಂದು ವಾರ ಕಳೆಯುವ ಮೊದಲೇ ಪಾಶ್ಚರನು ಮತ್ತೆ ಅಲ್ಲಿಗೆ ಹೋದಾಗ, ಅವರು ಸೂಕ್ಷ್ಮದರ್ಶಕವೊಂದನ್ನು ಕೊಂಡು ಪರೀಕ್ಷೆಯಲ್ಲಿ ತೊಡಗಿದ್ದರು. ನಿಷ್ಠುರವಾದ ಮಾತು ಅವರನ್ನು ಮುನಿಸಲಿಲ್ಲ, ತಿದ್ದಿತು. ಪಾಶ್ಚರನ ಬಿಯರ್ ಗ್ರಂಥ 1876ರಲ್ಲಿ ಹೊರಬಂದಿತು.

ಇನ್ನೂ ಹೆಚ್ಚಿನ ಮನ್ನಣೆಗೆ ಅರ್ಹವಾದುದು ಕೋಪನ್‌ಹೇಗನ್ನಿನ ಕಥೆ. ಕಾರ್ಲ್ಸ್‌ಬರ್ಗ್ ಕಾರ್ಖಾನೆಯ ಒಡೆಯ ಯಾಕೋಬ್‌ಸನ್ 1875ರಲ್ಲಿ ತನ್ನದೇ ಒಂದು ಪ್ರಯೋಗಾಲಯವನ್ನು ಸ್ಥಾಪಿಸಿದ್ದನು. ಅವನ ಬಿಯರಿಗೇ ರೋಗ ತಗುಲಿ ಕೆಟ್ಟ ರುಚಿ, ಕೆಟ್ಟ ವಾಸನೆ ಕಾಣಿಸಿಕೊಂಡಾಗ, ಅಲ್ಲಿನ ವಿಜ್ಞಾನಿ ಎಮಿಲ್ ಹಾನ್ಸೆನ್ ತನಿಖೆ ನಡೆಸಿ, ತಪ್ಪು ತಮ್ಮ ಯೀಸ್ಟಿನಲ್ಲಿಯೇ ಇದೆ, ಅದರಲ್ಲಿ ಕಾಡುಜಾತಿಗಳು ಬೆರೆತಿವೆ ಎಂದು ತೋರಿಸಿದನು. 1883ರಲ್ಲಿ ಅವನು ಒಂದೇ ಒಂದು ಕೋಶದಿಂದ ಬೆಳೆಸಿದ ಶುದ್ಧ ಯೀಸ್ಟು ಬಳಕೆಗೆ ಬಂದಿತು. ಯಾಕೋಬ್‌ಸನ್ ಅದನ್ನು ಗುಟ್ಟಾಗಿ ಇಟ್ಟುಕೊಳ್ಳಲಿಲ್ಲ. ಇತರ ತಯಾರಕರಿಗೂ ಹಂಚಿದನು. ಒಡೆಯನ ಅನ್ನ ಉಂಡವನು ಒಡೆಯನ ಸರಕನ್ನೇ ಕೆಟ್ಟದ್ದೆಂದು ಹೇಳಿದನು. ಒಡೆಯನು ಅದನ್ನು ಕೇಳಿದನು. ಇವರಿಬ್ಬರಲ್ಲಿ ಯಾರು ದೊಡ್ಡವರೆಂದು ನಿರ್ಣಯಿಸುವುದು ಸುಲಭವಲ್ಲ.

ಆದ್ದರಿಂದ ವಿಮರ್ಶಕನ ಮೊದಲ ಕರ್ತವ್ಯ ಬಿಯರು ಕೆಟ್ಟಿದೆಯೆಂದು ಸಾರುವುದಲ್ಲ, ಅದು ಎಲ್ಲಿ ಕೆಟ್ಟಿತೆಂದು ವಿಚಾರಿಸುವುದು. ಅನೇಕ ವೇಳೆ ಮೂಗೇ ಪತ್ತೇದಾರನಾಗುತ್ತದೆ. ಸ್ಕಂಕಿನ ವಾಸನೆ ಬೆಳಕಿನ ಕಡೆಗೆ ಬೆರಳು ತೋರುತ್ತದೆ. ರಟ್ಟಿನ ರುಚಿ ಹಳಮೆಯನ್ನು ಹೇಳುತ್ತದೆ. ಆದರೆ ಬೆಣ್ಣೆಯ ವಾಸನೆಯಂಥವು ಎರಡು ನಾಲಗೆಯ ಸಾಕ್ಷಿಗಳು. ಹುದುಗುವಿಕೆ ಪೂರ್ಣವಾಗುವ ಮೊದಲೇ ತಯಾರಕನು ಅವಸರಪಟ್ಟಿದ್ದರೂ ಆ ವಾಸನೆ ಬರುತ್ತದೆ. ಪಡಖಾನೆಯ ಕೊಳವೆ ಹೊಲಸಾಗಿದ್ದರೂ ಬರುತ್ತದೆ. ಅಂಥಲ್ಲಿ ಇನ್ನೊಂದು ಸೀಸೆಯನ್ನು, ಸಾಧ್ಯವಾದರೆ ಇನ್ನೊಂದು ಅಂಗಡಿಯಿಂದ, ತಂದು ನೋಡುವುದೊಂದೇ ಮಾರ್ಗ. ಬಿಯರಿನ ಸ್ಪರ್ಧೆಗಳಲ್ಲಿ ಮೊದಲ ಸೀಸೆಯ ಮೇಲೆ ಅನುಮಾನ ಬಂದರೆ ತೀರ್ಪುಗಾರರು ಎರಡನೆಯದನ್ನು ತರಿಸಿಕೊಳ್ಳುವ ಪದ್ಧತಿಯಿದೆ. ಮುದ್ರಣಾಲಯದಲ್ಲಿ ಒಂದು ಫಾರಂ ಬಿಟ್ಟುಹೋದ ಪ್ರತಿಯನ್ನು ಓದಿ, ಕಾದಂಬರಿಕಾರನಿಗೆ ಕಥೆ ಜೋಡಿಸಲು ಬಾರದೆಂದು ಯಾವ ಪುಸ್ತಕ ವಿಮರ್ಶಕನೂ ಬರೆಯುವುದಿಲ್ಲ. ಇನ್ನೊಂದು ಪ್ರತಿಯನ್ನು ಕೇಳಿ ತರಿಸುತ್ತಾನೆ. ಪುಸ್ತಕಕ್ಕೆ ಸಲ್ಲುವ ನ್ಯಾಯ ಪಾನೀಯಕ್ಕೂ ಸಲ್ಲಬೇಕು.

ತಯಾರಿಸಿದವನ ಗುಣವನ್ನೂ ಕಾಪಾಡಿದವನ ಗುಣವನ್ನೂ ಬೇರೆಬೇರೆಯಾಗಿ ತೂಗುವ ಕ್ರಮವನ್ನು ಇಂಗ್ಲೆಂಡಿನ ಬಿಯರ್ ಪ್ರಿಯರು ರೂಢಿಗೆ ತಂದಿದ್ದಾರೆ. ಅಲ್ಲಿನ ಸಾಂಪ್ರದಾಯಿಕ ಬಿಯರು ಪೀಪಾಯಿಯೊಳಗೆ ಇನ್ನೂ ಜೀವಂತವಾಗಿದ್ದು, ಪಡಖಾನೆಯ ನೆಲಮಾಳಿಗೆಯಲ್ಲಿ ಹದಕ್ಕೆ ಬರುತ್ತದೆ. ಬಾಯಿ ತೆರೆದ ಪೀಪಾಯಿ ಸುಮಾರು ಮೂರು ದಿನಗಳಲ್ಲಿ ಖಾಲಿಯಾಗದಿದ್ದರೆ ಕೆಡತೊಡಗುತ್ತದೆ. ಇಂಥ ಬಿಯರಿನ ಉಳಿವಿಗಾಗಿ 1971ರಲ್ಲಿ ಹುಟ್ಟಿದ ಬಳಕೆದಾರರ ಸಂಘವು ಹೊರತರುವ ಕೈಪಿಡಿ ಮುಖ್ಯವಾಗಿ ಆರಿಸುವುದು ಬಿಯರುಗಳನ್ನಲ್ಲ, ಬಿಯರನ್ನು ಚೆನ್ನಾಗಿ ಇಟ್ಟುಕೊಂಡ ಪಡಖಾನೆಗಳನ್ನು. ಲೋಟದಲ್ಲಿದ್ದುದು ಹುಳಿತಿದ್ದರೆ ಗಿರಾಕಿ ಅದನ್ನು ಹಿಂದಕ್ಕೆ ಕೊಡುತ್ತಾನೆ. ಮರ್ಯಾದಸ್ಥನಾದ ಅಂಗಡಿಯವನು ಮರುಮಾತಿಲ್ಲದೆ ಬೇರೆ ಕೊಡುತ್ತಾನೆ. ವಿಮರ್ಶೆ ಅಲ್ಲಿಯೇ, ಕಟ್ಟೆಯ ಬಳಿಯೇ ಮುಗಿದುಹೋಗುತ್ತದೆ.

ಇಷ್ಟರ ಮೇಲೂ ಮುಗ್ಗರಿಸುವ ಒಂದು ಸ್ಥಳವಿದೆ. ಕೆಟ್ಟದ್ದೆಂದರೆ ಏನು? ಮನೆಯಲ್ಲಿ ಹಾಲು ಹುಳಿತರೆ ಗೃಹಿಣಿ ಮರುಗುತ್ತಾಳೆ; ದೋಸೆಯ ಹಿಟ್ಟು ಹುಳಿಯದಿದ್ದರೆ ಮರುಗುತ್ತಾಳೆ. ಹುಳಿಯೆಂಬುದು ಗುಣವೋ ದೋಷವೋ ಎಂಬುದು ಪಾತ್ರೆಯೊಳಗೆ ಇರುವುದೇನು, ಇಟ್ಟವಳ ಉದ್ದೇಶವೇನು ಎಂಬುದರ ಮೇಲೆ ನಿಂತಿದೆ. ಬ್ರಸೆಲ್ಸ್ ನಗರದಲ್ಲಿಯೂ ಅದರ ಸುತ್ತಿನಲ್ಲಿಯೂ ಲ್ಯಾಂಬಿಕ್ ಎಂಬ ಬಿಯರನ್ನು ತಯಾರಿಸುತ್ತಾರೆ. ಕುದಿಸಿದ ರಸವನ್ನು ರಾತ್ರಿಯೆಲ್ಲ ಅಗಲವಾದ ತೆರೆದ ತೊಟ್ಟಿಯಲ್ಲಿ ಆರಲು ಬಿಡುತ್ತಾರೆ. ಗಾಳಿಯಲ್ಲಿ ಬಂದ ಜೀವಿಗಳೂ ಮರದ ಪೀಪಾಯಿಯಲ್ಲಿ ನೆಲೆಸಿದ ಜೀವಿಗಳೂ ಅದನ್ನು ಹುದುಗಿಸುತ್ತವೆ. ಒಂದು, ಎರಡು, ಮೂರು ವರ್ಷದ ಪೀಪಾಯಿಗಳನ್ನು ಬೆರೆಸಿ ಸೀಸೆಗೆ ತುಂಬಿದ್ದು ಗ್ಯೂಜ್. ಅದರ ಹುಳಿಯನ್ನೂ ಹಳೆಯ ಕೊಟ್ಟಿಗೆಯನ್ನು ನೆನಪಿಗೆ ತರುವ ಗಂಧವನ್ನೂ ಅರಿಯದವನು ಕೆಟ್ಟುಹೋಗಿದೆಯೆಂದು ಚೆಲ್ಲಿಯಾನು; ಅರಿತವನು ಅದಕ್ಕಾಗಿಯೇ ಊರು ಹುಡುಕಿಕೊಂಡು ಬರುತ್ತಾನೆ. ಇದರಲ್ಲಿ ಒಂದು ಸ್ವಾರಸ್ಯವೂ ಉಂಟು. ಯಾವ ಕಾರ್ಲ್ಸ್‌ಬರ್ಗ್ ಸಂಸ್ಥೆಯಲ್ಲಿ ಹಾನ್ಸೆನ್ ಕಾಡು ಯೀಸ್ಟುಗಳನ್ನು ಅಪರಾಧಿಗಳೆಂದು ಸಾರಿದನೋ, ಅದೇ ಸಂಸ್ಥೆಯ ಕ್ಲಾಸೆನ್ ಎಂಬವನು 1904ರಲ್ಲಿ, ಇಂಗ್ಲೆಂಡಿನ ಹಳೆಯ ಬಿಯರುಗಳಿಗೆ ಅವುಗಳ ವಿಶಿಷ್ಟ ಪರಿಮಳವನ್ನು ಕೊಡುವುದು ಅಂಥದೇ ಒಂದು ಯೀಸ್ಟೆಂದು ತೋರಿಸಿ, ಅದಕ್ಕೆ ಬ್ರೆಟನೊಮೈಸಿಸ್ ಎಂಬ ಹೆಸರಿಟ್ಟನು. ಲ್ಯಾಂಬಿಕ್ಕಿನ ಗಂಧಕ್ಕೂ ಅದೇ ಕಾರಣ. ಒಬ್ಬನ ಕಳ್ಳ ಇನ್ನೊಬ್ಬನ ಮನೆಯ ಅಳಿಯ.

ಈ ಎಚ್ಚರಿಕೆಗಳನ್ನೆಲ್ಲ ಕೇಳಿದ ಸಾಧುಸ್ವಭಾವದ ವಿಮರ್ಶಕನು, ಇಷ್ಟೆಲ್ಲ ರಗಳೆ ಯಾಕೆ, ಒಳ್ಳೆಯದು ಸಿಕ್ಕಾಗ ಬರೆದು, ಕೆಟ್ಟದ್ದು ಸಿಕ್ಕಾಗ ಸುಮ್ಮನಿದ್ದುಬಿಟ್ಟರಾಯಿತು ಎಂದುಕೊಳ್ಳಬಹುದು. ಅದು ತಪ್ಪು. ಮೌನದಿಂದಲೂ ಕೇಡಾಗುತ್ತದೆ. ಅಮೆರಿಕದ ಮಿಲ್ವಾಕಿಯ ಷ್ಲಿಟ್ಜ್ ಒಂದು ಕಾಲಕ್ಕೆ ಆ ದೇಶದ ಅಗ್ರಗಣ್ಯ ಬಿಯರುಗಳಲ್ಲಿ ಒಂದಾಗಿತ್ತು. 1976ರಲ್ಲಿ ಆ ಕಂಪನಿಯವರು ಬಿಯರನ್ನು ತಿಳಿಗೊಳಿಸುವ ವಸ್ತುವೊಂದನ್ನು ಬದಲಿಸಿದರು. ಹೊಸ ವಸ್ತು ನೊರೆಗಾಗಿ ಬೆರೆಸಿದ್ದ ಇನ್ನೊಂದರೊಡನೆ ಕೂಡಿ, ಡಬ್ಬಿಗಳೊಳಗೆ ಚೂರುಚೂರಾದ ಗಸಿ ತೇಲತೊಡಗಿತು. ದೋಷವನ್ನು ಕೂಡಲೇ ಜನರ ಮುಂದೆ ಒಪ್ಪಿಕೊಳ್ಳುವ ಬದಲು ಕಂಪನಿ ಕಾಲ ತಳ್ಳಿತು. ಕೊನೆಗೆ ಸುಮಾರು 1 ಕೋಟಿ ಸೀಸೆ ಡಬ್ಬಿಗಳನ್ನು ಹಿಂದಕ್ಕೆ ಪಡೆಯಬೇಕಾಯಿತು. ಕಳೆದುಹೋದ ವಿಶ್ವಾಸ ಮಾತ್ರ ಹಿಂದಿರುಗಲಿಲ್ಲ. 1982ರಲ್ಲಿ ಷ್ಲಿಟ್ಜ್ ಬೇರೊಂದು ಕಂಪನಿಯ ಪಾಲಾಯಿತು. ಪಿಲ್ಸೆನ್ನಿನವರು ಬಹಿರಂಗವಾಗಿ ಸುರಿದು ಉಳಿದುಕೊಂಡರು. ಇವರು ಮುಚ್ಚಿಟ್ಟು ಮುಳುಗಿದರು.

ದಾರಿಯಲ್ಲಿ ಕೆಟ್ಟದ್ದೆಂಬ ಮಾತ್ರಕ್ಕೆ ತಯಾರಕನನ್ನು ಪೂರ್ತಿಯಾಗಿ ಬಿಟ್ಟುಬಿಡುವಂತೆಯೂ ಇಲ್ಲ. ಹಸಿರು ಗಾಜು ಬೆಳಕನ್ನು ತಡೆಯದೆಂದು ತಿಳಿದೂ, ಅಂಗಡಿಯಲ್ಲಿ ಅಂದವಾಗಿ ಕಾಣುತ್ತದೆಂಬ ಆಸೆಗೆ ಅದನ್ನೇ ಆರಿಸಿಕೊಂಡವನು, ಬಿಸಿಲು ಕೆಡಿಸಿತೆಂದು ಬಿಸಿಲಿನ ಮೇಲೆ ದೂರು ಹೇಳಬಹುದೇ? ತುಂಬಿದ ದಿನಾಂಕವನ್ನು ಯಾರಿಗೂ ಅರ್ಥವಾಗದ ಗುಪ್ತಲಿಪಿಯಲ್ಲಿ ಅಚ್ಚೊತ್ತಿದವನು, ಹಳೆಯ ಸರಕನ್ನು ಕೊಂಡದ್ದು ನಿನ್ನ ತಪ್ಪೆಂದು ಗಿರಾಕಿಗೆ ಹೇಳಬಹುದೇ? ಗಿರಾಕಿಗೆ ಎರಡನೆಯ ಸೀಸೆಯನ್ನು ಯಾರೂ ಪುಕ್ಕಟೆಯಾಗಿ ಕೊಡುವುದಿಲ್ಲ. ದಿನವೆಲ್ಲ ದುಡಿದು ಸಂಜೆಗೆ ಒಂದನ್ನು ಕೊಂಡವನಿಗೆ ಆ ಒಂದೇ ಸೀಸೆಯೇ ಆ ಬಿಯರು. ವಿಮರ್ಶಕನು ತಯಾರಕನ ಮೇಲಿನ ಕನಿಕರದಲ್ಲಿ ಇವನನ್ನು ಮರೆಯಬಾರದು.

ಹೀಗಾಗಿ ಕೆಟ್ಟ ಬಿಯರಿನ ಬಗೆಗೆ ಬರೆಯಬೇಕು. ಆದರೆ ಬರೆಯುವ ಬಗೆ ಬೇರೆಯಾಗಬೇಕು. ಒಂದು ಸೀಸೆ ಕೆಟ್ಟಿದ್ದರೆ ಬರೆಯಬೇಕಾದದ್ದು ಆ ಸೀಸೆಯ ಕಥೆಯನ್ನು: ಎಂಥ ಅಂಗಡಿಯಲ್ಲಿ ಕೊಂಡದ್ದು, ಎಂದು ತುಂಬಿದ್ದು, ಯಾವ ಬಣ್ಣದ ಗಾಜು, ಯಾವ ಬಗೆಯ ವಾಸನೆ. ಅಂಕವನ್ನು ತಡೆಹಿಡಿಯಬೇಕು. ಬೇರೆ ಕಡೆಯ ಎರಡನೆಯ ಸೀಸೆ ಚೆನ್ನಾಗಿದ್ದರೆ ಅದನ್ನೂ ಅಷ್ಟೇ ದೊಡ್ಡ ಅಕ್ಷರಗಳಲ್ಲಿ ಹೇಳಬೇಕು. ಎರಡನೆಯದೂ ಮೂರನೆಯದೂ ಅದೇ ರೀತಿ ನಾರಿದರೆ, ಆಗ ಅದು ಸೀಸೆಯ ಕಥೆಯಾಗಿ ಉಳಿಯುವುದಿಲ್ಲ, ಪಾತ್ರೆಯ ಕಥೆಯಾಗುತ್ತದೆ. ಸ್ಥಾಲೀಪುಲಾಕ ನ್ಯಾಯಕ್ಕೆ ಆಗ ಅಧಿಕಾರ ಬರುತ್ತದೆ. ಹೆಸರು ಹಿಡಿದು ಬರೆಯಲು ಆಮೇಲೆ ಹಿಂಜರಿಯಬೇಕಾಗಿಲ್ಲ.

ಹಳೆಯ ಇಂಗ್ಲೆಂಡಿನ ಪಟ್ಟಣಗಳಲ್ಲಿ ಬಿಯರಿನ ಗುಣವನ್ನೂ ಬೆಲೆಯನ್ನೂ ಪರೀಕ್ಷಿಸಲು ಅಧಿಕಾರಿಗಳನ್ನು ನೇಮಿಸುತ್ತಿದ್ದರು. 1556ರಲ್ಲಿ ಸ್ಟ್ರಾಟ್‌ಫರ್ಡ್ ಪಟ್ಟಣಕ್ಕೆ ನೇಮಕಗೊಂಡವನು ಜಾನ್ ಷೇಕ್ಸ್‌ಪಿಯರ್, ಮಹಾಕವಿಯ ತಂದೆ. ಊರಿನಲ್ಲೇ ತಯಾರಾದ ಬಿಯರನ್ನು ಊರಿನಲ್ಲೇ ಪರೀಕ್ಷಿಸುವ ಅವನಿಗೆ ಪೀಪಾಯಿಯೂ ಗೊತ್ತು, ಪೀಪಾಯಿಯ ಒಡೆಯನೂ ಗೊತ್ತು. ತಪ್ಪು ಯಾರದೆಂಬ ಪ್ರಶ್ನೆ ಅವನನ್ನು ಅಷ್ಟಾಗಿ ಕಾಡಿರಲಾರದು. ಇಂದಿನ ವಿಮರ್ಶಕನು ನಿಂತಿರುವುದು ದಾರಿಯ ಇನ್ನೊಂದು ತುದಿಯಲ್ಲಿ. ಹಿಂದೆ ನಡೆದುದೆಲ್ಲವನ್ನೂ ಅವನು ಒಂದು ಲೋಟದಲ್ಲಿ ಓದಿಕೊಳ್ಳಬೇಕಾಗಿದೆ. ಬಿಯರನ್ನು ಮುಟ್ಟದವರಿಗೂ ಈ ಕಷ್ಟ ಅಪರಿಚಿತವಲ್ಲ. ಬೇರೊಬ್ಬರ ಮಗನನ್ನು, ಹೊಸದಾಗಿ ಬಂದ ಸೊಸೆಯನ್ನು, ಒಂದು ದಿನದ ಒಂದು ಮಾತಿನಿಂದ ಅಳೆದು ಮುಗಿಸುವ ಆತುರ ಎಲ್ಲ ಮನೆಗಳಲ್ಲಿಯೂ ಉಂಟು. ಆ ಮಾತು ಕಹಿಯಾಗಿತ್ತೆಂದು ಹೇಳುವುದರಲ್ಲಿ ತಪ್ಪಿಲ್ಲ. ಮನುಷ್ಯನೇ ಕಹಿಯೆಂದು ಹೇಳುವ ಮೊದಲು ಇನ್ನೊಂದು ದಿನ ಕಾಯಬಹುದು.